ಉಸುಕಿನ ಮೇಲೆ ಇಟ್ಟ ಚೇಳು

"ಇದು ನಿಮ್ಮ ಧರ್ಮದ ವಿಷಯವೇ?" ಎಂದು ನಮ್ಮ ಅಂಗಡಿಯ ಮ್ಯಾನೇಜರ್ ನನ್ನನ್ನು ಕೇಳಿದ. ಕುಹಕದಿಂದ ಕೇಳಿದ್ದರೆ ನಾನೂ ಒಂದು ಮಾತು ತಿರುಗಿಸಿ ಹೇಳಿ ಸುಮ್ಮನಾಗುತ್ತಿದ್ದೆ. ಅವನು ತಲೆಯನ್ನು ಸ್ವಲ್ಪ ಓರೆ ಮಾಡಿ, ದನಿ ತಗ್ಗಿಸಿ, ಕಾಯಿಲೆಯವರನ್ನು ವಿಚಾರಿಸುವ ಹಾಗೆ ಕೇಳಿದ. ಅದಕ್ಕೇ ನನಗೆ ಮೈ ಉರಿಯಿತು.

"ಅಲ್ಲ," ಎಂದೆ. "ಇದು ಮಣ್ಣಿನ ವಿಷಯ."

ಅದು ಲಂಡನ್ನಿನ ಹೌನ್ಸ್ಲೋದಲ್ಲಿ ದೊಡ್ಡ ರಸ್ತೆಯ ಪಕ್ಕ ಸಾಲಾಗಿ ನಿಂತ ಅಂಗಡಿಗಳಲ್ಲಿ ಒಂದು. ಸಾಕುಪ್ರಾಣಿಗಳ ಅಂಗಡಿ. ಬಾಗಿಲ ಹತ್ತಿರ ನಾಯಿ ಬೆಕ್ಕುಗಳ ಆಹಾರ, ಆಮೇಲೆ ಮೀನಿನ ತೊಟ್ಟಿಗಳು, ಮೊಲ, ಗಿನಿಯಿಲಿ. ಎಲ್ಲಕ್ಕಿಂತ ಹಿಂದಿನ ಮೂಲೆಯಲ್ಲಿ ಹಾವು, ಹಲ್ಲಿ, ಜೇಡ, ಚೇಳು. ನಾನು ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಒಂಬತ್ತು ವರ್ಷ ಧಾರವಾಡದಲ್ಲಿ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿದ್ದೆ. ರೈತರು ಬಟ್ಟೆಯ ಚೀಲದಲ್ಲಿ ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ನೀರಿನಲ್ಲಿ ಕಲಕಿ, ಅದರಲ್ಲಿ ಉಸುಕೆಷ್ಟು, ಜೇಡಿಮಣ್ಣೆಷ್ಟು, ಅದು ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂದು ಬರೆದುಕೊಡುವುದು ನನ್ನ ಕೆಲಸ. ಮರಳಿಗೆ ನಮ್ಮ ಕಡೆ ಉಸುಕು ಎನ್ನುತ್ತಾರೆ; ನನಗೆ ಇವತ್ತಿಗೂ ಬೇರೆ ಪದ ಬಾಯಿಗೆ ಬರುವುದಿಲ್ಲ. ಗಂಡನಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ನನ್ನ ಸರ್ಟಿಫಿಕೇಟುಗಳನ್ನು ಸಿಕ್ಕಸಿಕ್ಕ ಕಡೆಗೆಲ್ಲ ಕಳಿಸಿದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ನಿಮಗೆ ಇಲ್ಲಿನ ಅನುಭವವಿಲ್ಲ ಎಂದರು. ಈ ಅಂಗಡಿಯವರು ಮಾತ್ರ ಯಾವ ಸರ್ಟಿಫಿಕೇಟನ್ನೂ ಕೇಳದೆ, ನಾಯಿಯ ಆಹಾರದ ಚೀಲ ಎತ್ತಬಲ್ಲಿರಾ ಎಂದಷ್ಟೇ ಕೇಳಿದರು. ಎತ್ತಿ ತೋರಿಸಿದೆ. ಮರುದಿನವೇ ಬರಲು ಹೇಳಿದರು.

ಇದನ್ನು ಓದುವವರು ನನಗೆ ಚೇಳಿನ ಮೇಲೆ ಏನೋ ಮಮತೆ ಎಂದುಕೊಳ್ಳಬಾರದು. ನಾನು ಬೆಳೆದದ್ದು ವಿಜಯಪುರದ ಹತ್ತಿರದ ಒಂದು ಊರಿನಲ್ಲಿ. ಅಲ್ಲಿ ಚಪ್ಪಲಿಯನ್ನು ಕೊಡವದೆ ಯಾರೂ ಕಾಲಿಗೆ ಹಾಕುವುದಿಲ್ಲ. ಕಲ್ಲು ಎತ್ತಿದರೆ ಚೇಳು, ಸಗಣಿ ಕುಳ್ಳಿನ ಒಟ್ಟಿಲು ಕೆದಕಿದರೆ ಚೇಳು. ನನ್ನ ಅವ್ವನಿಗೆ ಒಮ್ಮೆ ಸಣ್ಣ ಕೆಂಪು ಚೇಳು ಕಡಿದಾಗ ಆಕೆಯ ಕೈಕಾಲು ತಣ್ಣಗಾಗಿ, ಮೈಯೆಲ್ಲ ಬೆವರಿ, ಎರಡು ದಿನ ದವಾಖಾನೆಯಲ್ಲಿ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚೇಳು ಕಂಡರೆ ಮೊದಲು ಕೈಗೆ ಬರುವುದು ಚಪ್ಪಲಿ. ನಾನೂ ಎಷ್ಟೋ ಕೊಂದಿದ್ದೇನೆ, ಅದಕ್ಕಾಗಿ ಈಗ ಪಶ್ಚಾತ್ತಾಪವೇನೂ ಇಲ್ಲ. ಆದರೆ ಚಪ್ಪಲಿಯಿಂದ ಕೊಲ್ಲುವುದು ಬೇರೆ. ಪೆಟ್ಟಿಗೆಯಲ್ಲಿಟ್ಟು, ಬೆಲೆಯ ಚೀಟಿ ಅಂಟಿಸಿ, 'ನಾವು ಪ್ರಾಣಿಗಳನ್ನು ಪ್ರೀತಿಸುತ್ತೇವೆ' ಎಂದು ಬರೆದ ಅಂಗಿ ತೊಟ್ಟುಕೊಂಡು, ತಿಂಗಳುಗಟ್ಟಲೆ ಒಣಗಿಸಿ ಕೊಲ್ಲುವುದು ಬೇರೆ.

ನಮ್ಮ ಅಂಗಡಿಯಲ್ಲಿದ್ದವು ಅಂಗೈ ಅಗಲದ ಕಪ್ಪು ಚೇಳುಗಳು. ನೋಡಲು ಭಯಂಕರ, ವಿಷ ಮಾತ್ರ ಕಣಜದ ಕಡಿತದಷ್ಟೇ. ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 'ಏಷ್ಯಾದ ಕಾಡಿನ ಚೇಳು' ಎಂದಿತ್ತು. ಕಾಡು! ಹೆಸರಿನಲ್ಲೇ ಇದೆ. ಮಳೆಕಾಡಿನ ನೆಲದಲ್ಲಿ, ಕೊಳೆತ ಎಲೆಗಳ ಕೆಳಗೆ, ಒದ್ದೆ ಮಣ್ಣಿನಲ್ಲಿ ಆಳವಾಗಿ ಬಿಲ ತೋಡಿಕೊಂಡು ಇರುವ ಜೀವ ಅದು. ಅದನ್ನು ಇಟ್ಟದ್ದು ಎರಡು ಬೆರಳಿನಷ್ಟು ದಪ್ಪದ, ಬಣ್ಣ ಹಾಕಿದ ಕೆಂಪು ಉಸುಕಿನ ಮೇಲೆ. ಪಕ್ಕಕ್ಕೆ ಪ್ಲಾಸ್ಟಿಕ್ಕಿನ ಪಾಪಾಸುಕಳ್ಳಿ. ತಳದಲ್ಲಿ ಕರೆಂಟಿನಿಂದ ಬಿಸಿಯಾಗುವ ಹಾಳೆ. ಬಿಸಿಯಾದರೆ ಚೇಳು ತಂಪು ಹುಡುಕಿಕೊಂಡು ಕೆಳಕ್ಕೆ ತೋಡುತ್ತದೆ. ಇಲ್ಲಿ ಕೆಳಗೇ ಒಲೆ.

ಪ್ರಾಣಿಯ ಕೆಳಗೆ ಹಾಸುವ ವಸ್ತುವಿಗೆ ಅಂಗಡಿಯ ಭಾಷೆಯಲ್ಲಿ 'ಸಬ್‌ಸ್ಟ್ರೇಟ್' ಎನ್ನುತ್ತಾರೆ. ಯಾವ ಪ್ರಾಣಿಗೆ ಯಾವ ಸಬ್‌ಸ್ಟ್ರೇಟ್ ಎಂದು ಹೆಡ್ ಆಫೀಸಿನಿಂದ ಒಂದು ಪಟ್ಟಿ ಬಂದಿತ್ತು. ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ್ದರು. ಚೇಳು ಎಂಬಲ್ಲಿ ಒಂದೇ ಸಾಲು: ಮರುಭೂಮಿ, ಉಸುಕು. ಎಷ್ಟು ಜಾತಿಯ ಚೇಳುಗಳಿವೆ, ಯಾವುದು ಎಲ್ಲಿಯದು, ಏನೂ ಇಲ್ಲ. ಚೇಳು ಎಂದರೆ ಮರುಭೂಮಿ ಎಂದು ಯಾರೋ ಕುರ್ಚಿಯ ಮೇಲೆ ಕೂತು ತೀರ್ಮಾನಿಸಿಬಿಟ್ಟಿದ್ದರು. ಅಸಲಿಗೆ ಮರುಭೂಮಿಯ ಚೇಳಿಗೂ ಬರೀ ಉಸುಕು ಸಾಲದು. ಜೇಡಿ ಬೆರೆಸದಿದ್ದರೆ ತೋಡಿದ ಬಿಲ ಅದರ ಮೈಮೇಲೇ ಕುಸಿಯುತ್ತದೆ. ಈ ಮಾತು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಕಡಲ ದಂಡೆಯಲ್ಲಿ ಆಟವಾಡಿದ ಮಕ್ಕಳಿಗೂ ಗೊತ್ತು.

ಮೊದಲ ಸಾವು ನನ್ನ ಕಣ್ಣಿಗೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಪೂರ್ತಿ ಬೆಳೆಯದ ಒಂದು ಚೇಳು ಪೊರೆ ಬಿಡಲು ಹೊರಟು, ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ಬೆನ್ನು ಹೊರಬಂದಿತ್ತು, ಇಕ್ಕಳಗಳು ಹಳೆಯ ಚರ್ಮದೊಳಗೇ ಇದ್ದವು. ತೇವವಿಲ್ಲದಿದ್ದರೆ ಪೊರೆ ಬಿಗಿಯುತ್ತದೆ, ಕಳಚುವುದಿಲ್ಲ. ಕುಪ್ಪಸದ ತೋಳಿನಲ್ಲಿ ಕೈ ಸಿಕ್ಕಿಕೊಂಡವರ ಹಾಗೆ ಅದು ಹಾಗೇ ಸತ್ತಿತ್ತು. ಕಸದ ಚೀಲಕ್ಕೆ ಹಾಕಿ, ಪುಸ್ತಕದಲ್ಲಿ 'ಸಹಜ ಸಾವು' ಎಂದು ಬರೆಯಲು ಹೇಳಿದರು. ನಾನು ಬರೆದೆ. ಆ ಪದ ಬರೆದದ್ದಕ್ಕೆ ನನಗೆ ನನ್ನ ಮೇಲೇ ಆದ ಸಿಟ್ಟು ಇನ್ನೂ ಆರಿಲ್ಲ. ಒಂಬತ್ತು ವರ್ಷ ನನ್ನ ಕೈಯಿಂದ ಹೋದ ಯಾವ ವರದಿಯಲ್ಲೂ ನಾನು ನೋಡದ್ದನ್ನು ಬರೆದವಳಲ್ಲ.

ಎರಡನೆಯದು ಹಾಗೇ ಸತ್ತ ದಿನ ಮ್ಯಾನೇಜರನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಮೂವತ್ತೈದರ ಆಸುಪಾಸಿನವನು. ಕೆಟ್ಟವನಲ್ಲ. ಯಾರು ರಜೆ ಕೇಳಿದರೂ ಕೊಡುತ್ತಿದ್ದ, ಎಲ್ಲರಿಗೂ ತಾನೇ ಚಹಾ ಮಾಡುತ್ತಿದ್ದ. ನಾನು ಹೇಳುವಷ್ಟನ್ನೂ ತಲೆಯಾಡಿಸುತ್ತ ಕೇಳಿ, ಕೊನೆಗೆ ಧರ್ಮದ ಪ್ರಶ್ನೆ ಕೇಳಿದ. ನಾನು ಮಣ್ಣಿನ ವಿಷಯ ಎಂದೆ. ಅವನು, "ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಪಟ್ಟಿ ಹೆಡ್ ಆಫೀಸಿನದು," ಎಂದ.

ಭಾವನೆ! ನಾನು ಹೇಳಿದ್ದು ತೇವದ ಲೆಕ್ಕ. ಅವನಿಗೆ ಕೇಳಿಸಿದ್ದು ಹೆಂಗಸಿನ ಭಾವನೆ.

ಆ ವಾರದ ರಜೆಯ ದಿನ ನಾನು ಮನೆಯಲ್ಲಿ ಕೈಗೆ ಮಣ್ಣು ಹಚ್ಚಿಕೊಂಡು ಕೂತೆ. ತೋಟದ ಅಂಗಡಿಯಲ್ಲಿ ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ ಸಿಗುತ್ತದೆ; ಬಕೆಟ್ಟಿನಲ್ಲಿ ನೀರು ಹಾಕಿ ನೆನೆಸಿದರೆ ಉಬ್ಬಿ ಬಕೆಟ್ ತುಂಬುತ್ತದೆ. ಅದು ನೀರನ್ನು ಬಿಡದೆ ಹಿಡಿಯುತ್ತದೆ, ಆದರೆ ಬಿಲ ತೋಡಿದರೆ ಗೋಡೆ ನಿಲ್ಲುವುದಿಲ್ಲ. ಅದಕ್ಕೆ ಗೊಬ್ಬರ ಬೆರೆಸದ ತೋಟದ ಮೇಲ್ಮಣ್ಣು ಸೇರಿಸಿದೆ; ಗೊಬ್ಬರ ಚೇಳಿಗೆ ವಿಷ. ಮೊದಲು ಸಮಸಮ ಬೆರೆಸಿದೆ, ಜಿಗುಟಾಯಿತು. ಮಣ್ಣು ಕಡಿಮೆ ಮಾಡಿದೆ, ಪುಡಿಪುಡಿಯಾಯಿತು. ನಾರಿನ ಪುಡಿ ಮೂರು ಪಾಲು, ಮಣ್ಣು ಎರಡು ಪಾಲು ಹಾಕಿದಾಗ ಹದ ಬಂತು. ಹದ ನೋಡುವುದು ಸುಲಭ. ಒಂದು ಮುಷ್ಟಿ ಹಿಡಿದು ಹಿಂಡಬೇಕು. ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಧಾರವಾಡದಲ್ಲಿ ರೈತರು ಬಿತ್ತನೆಗೆ ಮೊದಲು ಮಾಡುತ್ತಿದ್ದದ್ದೂ ಇದನ್ನೇ.

ಗಂಡ ಡ್ಯೂಟಿ ಮುಗಿಸಿ ಬಂದವನು ಅಡುಗೆಮನೆಯ ನೆಲದ ಮೇಲೆ ಹಾಳೆ ಹಾಸಿ ಕೂತ ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ ನಡಸೀ ಇದು?"

"ಚೇಳಿಗೆ ಮಣ್ಣು ಕಲಸಾಕತ್ತೀನಿ."

"ಚೇಳಿಗೆ?" ಅವನು ಶೂಗಳನ್ನು ಕೈಯಲ್ಲೇ ಹಿಡಿದುಕೊಂಡಿದ್ದ. "ನಮ್ಮೂರಾಗ ಚೇಳು ಹೊಡದು ಹೊಡದು ಸಾಕಾಗಿ ಇಲ್ಲಿ ಬಂದೀವಿ. ನೀ ಇಲ್ಲಿ ಅದಕ ಹಾಸಗಿ ಹಾಸಾಕತ್ತೀ?"

"ನೀವು ಊಟಕ್ಕ ಕೂಡ್ರಿ. ರೊಟ್ಟಿ ಡಬ್ಬ್ಯಾಗ ಅದಾವು."

"ಕೈ ಚಂದಂಗ ತೊಳಕೊಂಡು ನೀಡು ಮಾರಾಯ್ತಿ," ಎಂದ ಅವನು.

ಮರುದಿನ ಅಂಗಡಿ ತೆರೆಯುವುದಕ್ಕೆ ಮೊದಲೇ ಹೋಗಿ ಮ್ಯಾನೇಜರನಿಗೆ ಒಂದೇ ಒಂದು ಪೆಟ್ಟಿಗೆಯಲ್ಲಿ ಪ್ರಯತ್ನ ಮಾಡಲು ಬಿಡಿ ಎಂದು ಕೇಳಿದೆ. ಒಂದು ವಾರ ಎಂದ. ನಾನು ಉಸುಕು ತೆಗೆದು, ಒಂದು ಗೇಣು ಎತ್ತರಕ್ಕೆ ನನ್ನ ಮಣ್ಣು ತುಂಬಿ, ಮೇಲೆ ಮರದ ತೊಗಟೆಯ ಒಂದು ತುಂಡನ್ನು ಓರೆಯಾಗಿ ಇಟ್ಟು, ಬಿಸಿಯ ಹಾಳೆಯನ್ನು ತಳದಿಂದ ತೆಗೆದು ಪಕ್ಕದ ಗಾಜಿಗೆ ಅಂಟಿಸಿದೆ. ಉದ್ದನೆಯ ಇಕ್ಕಳದಿಂದ ಆ ಚೇಳನ್ನು ಬಾಲ ಹಿಡಿದು ಎತ್ತಿ ಒಳಗೆ ಬಿಟ್ಟೆ. ಅದು ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಮುಂದಿನ ಕಾಲುಗಳಿಂದ ಮಣ್ಣು ಕೆರೆಯತೊಡಗಿತು. ಕೆರೆದದ್ದನ್ನು ಹಿಂದಿನ ಕಾಲುಗಳಿಂದ ದೂಡುತ್ತ, ನಿಂತು, ಮತ್ತೆ ಕೆರೆಯುತ್ತ, ಮಧ್ಯಾಹ್ನದ ಹೊತ್ತಿಗೆ ತೊಗಟೆಯ ಕೆಳಗೆ ಅರ್ಧ ಮೈ ಮರೆಯಾಗಿತ್ತು. ಅದು ಆ ಅಂಗಡಿಗೆ ಬಂದು ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳಲ್ಲಿ ಅದು ಮಾಡಲಾಗದ್ದನ್ನು ನಾಲ್ಕು ಗಂಟೆಯಲ್ಲಿ ಮಾಡಿತ್ತು. ನನಗೆ ಆದ ಸಂತೋಷವನ್ನು ಯಾರಿಗೆ ಹೇಳುವುದು? ಗಿನಿಯಿಲಿಗಳಿಗೆ ಹುಲ್ಲು ಹಾಕುತ್ತ ಒಬ್ಬಳೇ ನಕ್ಕೆ.

ಮೂರನೆಯ ದಿನ ಮ್ಯಾನೇಜರ್ ಬಂದು ಪೆಟ್ಟಿಗೆಯ ಮುಂದೆ ನಿಂತ. ಬಗ್ಗಿ ನೋಡಿದ. ಇನ್ನೊಂದು ಕಡೆಯಿಂದ ನೋಡಿದ.

"ಎಲ್ಲಿದೆ?"

"ಬಿಲದಲ್ಲಿ."

"ಕಾಣಿಸುತ್ತಿಲ್ಲವಲ್ಲ."

"ಹಗಲು ಹೊತ್ತು ಕಾಣಿಸಬಾರದು. ಅದಕ್ಕೆ ಹಾಗೇ ಬೇಕು."

ಅವನು ನಿಟ್ಟುಸಿರು ಬಿಟ್ಟ. "ನೋಡಿ," ಎಂದ, "ಕಾಣದ ಪ್ರಾಣಿಯನ್ನು ಯಾರೂ ಕೊಳ್ಳುವುದಿಲ್ಲ. ಉಸುಕಿನ ಮೇಲಾದರೆ ಅದು ಎದ್ದು ಕಾಣುತ್ತದೆ. ಕಪ್ಪು, ಕೆಂಪು. ಅದಕ್ಕೇ ಉಸುಕು."

ನಾನು ಅವನ ಮುಖವನ್ನೇ ನೋಡಿದೆ. ಇಷ್ಟು ದಿನ ನಾನು ಇವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿಲ್ಲದವರಿಗೆ ಹೇಳಿಕೊಟ್ಟರಾಯಿತು ಎಂದು ಮಣ್ಣು ಕಲಸುತ್ತ ಕೂತಿದ್ದೆ. ಇವನಿಗೆ ಗೊತ್ತಿತ್ತು! ತೋಡಲು ಬಾರದ ಹಾಸನ್ನು ಹಾಕಿದ್ದು ತೋಡಬಾರದೆಂದೇ. ಓಡಿಹೋಗಿ ಅಡಗಲು ಜಾಗವಿಲ್ಲದಂತೆ ಮಾಡಿ, ಬೆಳಕು ಬಿಟ್ಟು, ಎದ್ದು ಕಾಣುತ್ತದೆ ನೋಡಿ ಎನ್ನುವುದು. ಪಟ್ಟಿ ಬರೆದವನಿಗೆ ಕಾಡೂ ಗೊತ್ತಿತ್ತೇನೋ, ಮರುಭೂಮಿಯೂ ಗೊತ್ತಿತ್ತೇನೋ.

"ವಾರದ ಕೊನೆಯೊಳಗೆ ಮೊದಲಿನ ಹಾಗೆ ಮಾಡಿಬಿಡಿ," ಎಂದು ಹೇಳಿ ಹೋದ. ಆ ಬಿಲವನ್ನು ನನ್ನ ಕೈಯಿಂದಲೇ ಒಡೆಸಿದರು. ಮಣ್ಣು ತುಂಬಿದವಳೂ ನಾನೇ, ಬಿಲ ಕೆಡವಿದವಳೂ ನಾನೇ. ಬಿಲದ ಗೋಡೆ ಎಷ್ಟು ನುಣುಪಾಗಿತ್ತೆಂದರೆ, ಸಾರಿಸಿದ ಹಾಗಿತ್ತು. ಚೇಳನ್ನು ಎತ್ತಿ ಉಸುಕಿನ ಮೇಲೆ ಬಿಟ್ಟೆ. ಅದು ಒಂದು ಮೂಲೆಗೆ ಹೋಗಿ ಗಾಜಿಗೆ ಒತ್ತಿ ನಿಂತಿತು.

ಆ ಶನಿವಾರ ಒಬ್ಬ ತಾಯಿ, ಒಂಬತ್ತು ಹತ್ತು ವರ್ಷದ ಮಗಳ ಜೊತೆ ಬಂದರು. ನಾನು ಆಗ ಗಂಡನ ಜೊತೆ ಫೋನಿನಲ್ಲಿ ಒಂದೆರಡು ಮಾತು ಆಡುತ್ತಿದ್ದೆ. ಇಟ್ಟ ತಕ್ಷಣ ಆಕೆ ನಗುತ್ತ ಹತ್ತಿರ ಬಂದರು.

"ಅಯ್ಯೋ, ನೀವು ಕನ್ನಡದವರಾ? ನಾವು ಬೆಂಗಳೂರು. ಇಲ್ಲೇ ಐಟೀಲಿದೀನಿ. ನೀವು ಯಾವ ಕಡೆ?"

"ವಿಜಾಪುರ ಕಡೆ ರೀ."

"ನೋಡಿ, ಇವಳದು ಒಂದೇ ಹಟ. ಚೇಳು ಬೇಕಂತೆ! ನಾಯಿ ಬೇಡ, ಬೆಕ್ಕು ಬೇಡ. ನಮ್ಮ ಫ್ಲ್ಯಾಟಲ್ಲಿ ನಾಯಿ ಇಡೋ ಹಾಗೂ ಇಲ್ಲ ಬಿಡಿ. ನಮ್ಮತ್ತೆಗೆ ಫೋನಲ್ಲಿ ಹೇಳಿದ್ರೆ ಫೋನೇ ಇಟ್ಟುಬಿಟ್ರು."

ಮಗಳು ಉಸುಕಿನ ಮೂಲೆಯಲ್ಲಿ ನಿಂತಿದ್ದ ಆ ಚೇಳಿನ ಮುಂದೆ ಮಂಡಿಯೂರಿ ಕೂತಿದ್ದಳು. ನಮ್ಮ ಮಾತೆಲ್ಲ ಅವಳಿಗೆ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇದು ಯಾಕೆ ಅಲ್ಲಾಡುವುದಿಲ್ಲ ಎಂದು ಕೇಳಿದಳು. ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲ ಗಿರಾಕಿ ಅವಳು.

ತಾಯಿಯ ಕೈಯಲ್ಲಿ ಆಗಲೇ ಉಸುಕು, ಪಾಪಾಸುಕಳ್ಳಿ, ಬಿಸಿಯ ಹಾಳೆ ಎಲ್ಲ ಸೇರಿಸಿ ಮಾರುವ ಡಬ್ಬವಿತ್ತು. ನಾನು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದೆ:

"ಅಕ್ಕಾರ, ಚೇಳು ಒಯ್ರಿ. ಆ ಡಬ್ಬಿ ಮಾತ್ರ ಒಯ್ಯಬ್ಯಾಡ್ರಿ. ಉಸುಕಿನ ಮ್ಯಾಲೆ ಅದು ಬದುಕಂಗಿಲ್ಲ."

"ಹೌದಾ? ಮತ್ತೆ ಬಾಕ್ಸ್ ಮೇಲೆ ಚೇಳಿನ ಚಿತ್ರಾನೇ ಇದೆ?"

"ಚಿತ್ರ ಇರ್ತೈತ್ರಿ. ಚಿತ್ರಕ್ಕ ನೀರು ಬೇಕಾಗಂಗಿಲ್ಲ."

ನಾರಿನ ಇಟ್ಟಿಗೆ, ಗೊಬ್ಬರವಿಲ್ಲದ ಮೇಲ್ಮಣ್ಣು, ಪಾಲು, ಮುಷ್ಟಿ ಹಿಡಿದು ನೋಡುವ ಬಗೆ, ಬಿಸಿ ಪಕ್ಕದಲ್ಲಿ, ಒಂದು ಬಟ್ಟಲು ನೀರು, ಎಲ್ಲವನ್ನೂ ಹೇಳಿದೆ. ಮಗಳು ತಾಯಿಯ ಫೋನಿನಲ್ಲಿ ಬರೆದುಕೊಂಡಳು. ನನ್ನ ನಂಬರನ್ನೂ ಕೊಟ್ಟೆ. ಆಕೆ ಡಬ್ಬವನ್ನು ಮತ್ತೆ ಕಪಾಟಿನಲ್ಲಿಟ್ಟರು. ಚೇಳು ಮಾತ್ರ ಅವರ ಜೊತೆ ಹೋಯಿತು.

ಹತ್ತು ದಿನಗಳ ನಂತರ ಮ್ಯಾನೇಜರ್ ನನ್ನನ್ನು ಕರೆದ. ಕೋಣೆಯಲ್ಲಿ ಹೆಡ್ ಆಫೀಸಿನಿಂದ ಬಂದ ಒಬ್ಬ ಹೆಂಗಸೂ ಇದ್ದಳು. ಮೇಜಿನ ಮೇಲೆ ಒಂದು ಹಾಳೆ. ಆ ಬೆಂಗಳೂರಿನಾಕೆ ಕೃತಜ್ಞತೆಯಿಂದ ನಮ್ಮ ಅಂಗಡಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಐದು ನಕ್ಷತ್ರ ಕೊಟ್ಟು ಬರೆದಿದ್ದರು. ಅಲ್ಲಿನ ಕನ್ನಡದ ಮಹಿಳೆ ಎಷ್ಟು ಒಳ್ಳೆಯವರೆಂದರೆ, ಅಂಗಡಿಯ ಡಬ್ಬದಿಂದ ಚೇಳು ಸಾಯುತ್ತದೆ ಎಂದು ನಮ್ಮ ಭಾಷೆಯಲ್ಲೇ ಎಚ್ಚರಿಸಿ, ಸರಿಯಾದ ಮಣ್ಣು ಕಲಸುವುದನ್ನು ಹೇಳಿಕೊಟ್ಟರು, ಇಂಥವರಿಗೆ ಬಡ್ತಿ ಕೊಡಬೇಕು ಎಂದು.

ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನೀವು ಗಿರಾಕಿಗೆ ಹೇಳಿದ್ದು ಏನು?" ಎಂದು ಹೆಡ್ ಆಫೀಸಿನಾಕೆ ಕೇಳಿದಳು.

"ಇಲ್ಲಿ ಬರೆದಿರುವುದನ್ನೇ."

"ಇಂಗ್ಲಿಷಿನಲ್ಲಿ ಯಾಕೆ ಹೇಳಲಿಲ್ಲ?"

"ಇಂಗ್ಲಿಷಿನಲ್ಲಿ ಮೊದಲು ಇವರಿಗೆ ಹೇಳಿದ್ದೆ," ಎಂದು ಮ್ಯಾನೇಜರನನ್ನು ತೋರಿಸಿದೆ. "ಇವರು ಕೇಳಲಿಲ್ಲ."

ಮ್ಯಾನೇಜರ್ ತನ್ನ ಚಹಾದ ಲೋಟವನ್ನು ನೋಡುತ್ತ ಕೂತ. ಆಕೆ ಏನೋ ಬರೆದುಕೊಂಡಳು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತಾಡಬೇಕು, ಕಂಪನಿಯ ಸರಕನ್ನು ಹೀಗಳೆಯಬಾರದು, ಪ್ರಾಣಿಗಳ ವಿಷಯದಲ್ಲಿ ಅರ್ಹತೆಯಿಲ್ಲದೆ ಸಲಹೆ ಕೊಡಬಾರದು ಎಂದಳು.

"ಅರ್ಹತೆ ಇದೆ," ಎಂದೆ.

"ಯಾವುದು?"

"ಮಣ್ಣು. ಒಂಬತ್ತು ವರ್ಷ. ನೀವು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಅರ್ಜಿಯಲ್ಲಿ ಬರೆದುಕೊಟ್ಟಿದ್ದೇನೆ. ಯಾರೂ ಓದಲಿಲ್ಲ."

ಮರುದಿನ ಎಚ್ಚರಿಕೆಯ ಪತ್ರ ಕೊಟ್ಟರು. ನನ್ನನ್ನು ಹಿಂದಿನ ಮೂಲೆಯಿಂದ ತೆಗೆದು ನಾಯಿಯ ಆಹಾರದ ವಿಭಾಗಕ್ಕೆ ಹಾಕಿದರು. ಚೇಳಿನ ಪೆಟ್ಟಿಗೆಯ ಹತ್ತಿರ ಹೋಗಬಾರದು ಎಂದು ಪತ್ರದಲ್ಲಿರಲಿಲ್ಲ, ಬಾಯಲ್ಲಿ ಹೇಳಿದರು.

ಮನೆಗೆ ಬಂದು ಪತ್ರವನ್ನು ಗಂಡನ ಮುಂದಿಟ್ಟೆ. ಅವನು ಎರಡು ಸಲ ಓದಿದ.

"ಒಂದು ಚೇಳಿನ ಸಲುವಾಗಿ ಕೆಲಸ ಕಳಕೊಂತೀ ಏನ?"

"ಚೇಳಿನ ಸಲುವಾಗಿ ಅಲ್ಲ."

"ಮತ್ತ ಯಾರ ಸಲುವಾಗಿ?"

ಪಲ್ಯಕ್ಕೆ ಈರುಳ್ಳಿ ಹೆಚ್ಚುತ್ತ ಕೂತೆ. ಅವನು ಇನ್ನೊಮ್ಮೆ ಪತ್ರ ತೆಗೆದುಕೊಂಡು 'ಅರ್ಹತೆಯಿಲ್ಲದೆ' ಎಂಬಲ್ಲಿ ಬೆರಳಿಟ್ಟ.

"ಇದನ್ನ ಯಾರು ಬರದಾರ?"

"ಹೆಡ್ ಆಫೀಸಿನವರು."

"ಅವರಿಗೆ ತಿರುಗಿ ಬರಿ," ಎಂದ. "ನಿನ್ನ ಡಿಗ್ರಿ ಹಚ್ಚಿ ಬರಿ. ಪ್ರಯೋಗಾಲಯದಾಗ ಬರೀತಿದ್ಯಲ್ಲ, ಹಂಗ. ಬೈಬ್ಯಾಡ. ಬರೇ ಮಣ್ಣಿನ ವಿಷಯ ಬರಿ."

ಬೈಯದೆ ಬರೆಯುವುದು ಎಷ್ಟು ಕಷ್ಟವೆಂದು ನನಗೆ ಆ ವಾರ ತಿಳಿಯಿತು. ಮೊದಲ ಮೂರು ಸಲ ಬರೆದದ್ದರಲ್ಲಿ ಬೈಗುಳವೇ ಹೆಚ್ಚಾಯಿತು, ಹರಿದೆ. ಕೊನೆಗೆ ಎರಡು ಪುಟದ ವರದಿ ಮಾಡಿದೆ: ಆ ಉಸುಕು ಹಾಕಿದ ನೀರನ್ನು ಎಷ್ಟು ಹೊತ್ತು ಹಿಡಿಯುತ್ತದೆ, ನನ್ನ ಮಿಶ್ರಣ ಎಷ್ಟು ಹೊತ್ತು ಹಿಡಿಯುತ್ತದೆ, ಎರಡರಲ್ಲೂ ಬೆರಳಿನಿಂದ ತೂತು ಮಾಡಿದರೆ ಏನಾಗುತ್ತದೆ, ತಳದ ಬಿಸಿಯಿಂದ ಏನಾಗುತ್ತದೆ. ಮನೆಯಲ್ಲೇ ಅಳೆದು ನೋಡಿ, ಎರಡು ಗಾಜಿನ ಜಾಡಿಗಳ ಫೋಟೋ ಹಚ್ಚಿ ಕಳಿಸಿದೆ. ಉತ್ತರ ಬರಲಿಲ್ಲ.

ಬಂದದ್ದು ಆ ಬೆಂಗಳೂರಿನಾಕೆಯ ಫೋನು, ಎರಡೂವರೆ ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ. ಆಕೆಯ ದನಿ ಕೇಳಿ ಮಗುವಿಗೇನೋ ಆಯಿತೆಂದೇ ಹೆದರಿದೆ.

"ಬೇಗ ಬನ್ನಿ ಪ್ಲೀಸ್! ಅದರ ಬೆನ್ನ ಮೇಲೆಲ್ಲ ಬಿಳೀ ಬಿಳೀ ಏನೋ ಹತ್ತಿಕೊಂಡಿದೆ. ಹುಳ ಬಿದ್ದಿದೆ ಅನ್ಸುತ್ತೆ. ಇವಳು ಅಳ್ತಿದಾಳೆ."

ಬಸ್ಸಿನಲ್ಲಿ ಆರು ಸ್ಟಾಪು. ಅವರ ಫ್ಲ್ಯಾಟಿನ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಹೋಗಿ ನೋಡಿದೆ. ನಾನು ಹೇಳಿದಂತೆಯೇ ಮಣ್ಣು ತುಂಬಿದ್ದರು. ಗಾಜಿಗೆ ಒತ್ತಿಕೊಂಡೇ ಬಿಲ ತೋಡಿದ್ದರಿಂದ ಒಳಗೆಲ್ಲ ಕಾಣುತ್ತಿತ್ತು. ಚೇಳು ಅಲ್ಲಿ ಕೂತಿತ್ತು. ಅದರ ಬೆನ್ನ ಮೇಲೆ ಒಂದರ ಮೇಲೊಂದು ಹತ್ತಿ ಕೂತ ಅಕ್ಕಿಕಾಳಿನ ಬಣ್ಣದ ಮರಿಗಳು.

"ಹುಳ ಅಲ್ರಿ ಅಕ್ಕಾರ. ಹಡದೈತಿ."

"ಹಡೆದಿದೆಯಾ?" ಆಕೆ ಸೋಫಾದ ಮೇಲೆ ಕುಸಿದರು. "ನಾವು ಒಂದೇ ತಂದದ್ದು!"

"ನೀವು ತರೂ ಮುಂದನ ಅದು ಬಸರಿತ್ರಿ. ಅವು ಒಂದು ವರ್ಷದ ತನಕಾ ಹೊಟ್ಯಾಗ ಇಟಕೊಂಡಿರ್ತಾವು."

ಬಸುರಿಯನ್ನು ನಾಲ್ಕು ತಿಂಗಳು ಆ ಒಣ ಉಸುಕಿನ ಮೇಲೆ, ಕೆಳಗೆ ಬಿಸಿ ಹಚ್ಚಿ ನಿಲ್ಲಿಸಿದ್ದರು. ಬಿಲ ಕಟ್ಟಿಕೊಂಡಾಗ ನನ್ನ ಕೈಯಿಂದಲೇ ಅದನ್ನು ಕೆಡವಿಸಿದ್ದರು. ಅದನ್ನು ಆಗ ಆ ಸೋಫಾದ ಮುಂದೆ ನಿಂತು ನೆನೆದೆ. ಚೇಳಿಗಾಗಿ ಅಳುವವಳಲ್ಲ ನಾನು. ಅವಮಾನದಿಂದ ಅಳು ಬಂತು.

ಮಗಳು ಮೆಲ್ಲಗೆ, ಮುಟ್ಟಬಹುದೇ ಎಂದು ಕೇಳಿದಳು. ಬೇಡ, ಪೆಟ್ಟಿಗೆಯನ್ನೂ ಅಲುಗಿಸಬೇಡ, ಹೆದರಿದರೆ ತಾಯಿ ಮರಿಗಳನ್ನೇ ತಿಂದುಬಿಡುತ್ತದೆ ಎಂದೆ. ಅವಳು ಒಂದು ಕಾಗದದ ಮೇಲೆ 'ಸದ್ದು ಮಾಡಬೇಡಿ' ಎಂದು ಬರೆದು ಬಾಗಿಲಿಗೆ ಅಂಟಿಸಿದಳು. ತಾಯಿ ನನಗೆ ಕಾಫಿ ಮಾಡಿಕೊಟ್ಟು, ತಾನು ಬರೆದ ಐದು ನಕ್ಷತ್ರದಿಂದ ನನಗೆ ಎಚ್ಚರಿಕೆಯ ಪತ್ರ ಬಂದ ಕಥೆ ಕೇಳಿ, "ಅಯ್ಯೋ ಶಿವನೇ," ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಅವರಿಗೂ ಸಿಟ್ಟು ಬಂತು. ಐಟಿಯವರ ಸಿಟ್ಟು ಬೇರೆ ರೀತಿ. ಲ್ಯಾಪ್‌ಟಾಪ್ ತೆರೆದು, ಮರಿ ಹೊತ್ತ ಚೇಳಿನ ಫೋಟೋ ತೆಗೆದು, ನನ್ನ ವರದಿಯನ್ನು ತರಿಸಿಕೊಂಡು ಅದರ ಜೊತೆ ಸೇರಿಸಿ, ಗಿರಾಕಿಯಾಗಿ ತಾನೇ ಹೆಡ್ ಆಫೀಸಿನ ಐದು ಜನ ದೊಡ್ಡವರಿಗೆ ಒಟ್ಟಿಗೆ ಕಳಿಸಿದರು.

ನನ್ನ ಪತ್ರಕ್ಕೆ ಬಾರದ ಉತ್ತರ ಅವರ ಪತ್ರಕ್ಕೆ ಮೂರೇ ದಿನಕ್ಕೆ ಬಂತು. ಎರಡು ತಿಂಗಳಲ್ಲಿ ಗೋಡೆಯ ಪಟ್ಟಿ ಬದಲಾಯಿತು. ಕಾಡಿನ ಚೇಳಿಗೆ ತೆಂಗಿನ ನಾರು ಮತ್ತು ಮೇಲ್ಮಣ್ಣು, ಆಳವಾಗಿ, ತೇವವಾಗಿ, ಬಿಸಿ ಪಕ್ಕದಲ್ಲಿ, ಮುಷ್ಟಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ನನ್ನ ವಾಕ್ಯ, ನನ್ನ ಪಾಲು, ಮೂರು ಮತ್ತು ಎರಡು. ಕೆಳಗೆ 'ನಮ್ಮ ತಜ್ಞರ ಸಲಹೆ' ಎಂದಿತ್ತು. ಮ್ಯಾನೇಜರ್ ಅದನ್ನು ಅಂಟಿಸುವಾಗ ನಾನು ನಾಯಿಯ ಆಹಾರ ಜೋಡಿಸುತ್ತಿದ್ದೆ. "ನೋಡಿ, ನೀವು ಹೇಳಿದ್ದೇ ಆಯಿತು," ಎಂದು ನಗುತ್ತ ಹೇಳಿದ.

"ಹಾಗಾದರೆ ಆ ಎಚ್ಚರಿಕೆಯ ಪತ್ರ ವಾಪಸು ತೆಗೆದುಕೊಳ್ಳಿ," ಎಂದೆ.

ಅದು ಭಾಷೆಯ ವಿಷಯದ್ದು, ಬೇರೆ ಫೈಲು ಎಂದ. ಇವತ್ತಿಗೂ ಆ ಪತ್ರ ಆ ಫೈಲಿನಲ್ಲೇ ಇದೆ. ಉಸುಕಿನ ಡಬ್ಬ ಇವತ್ತಿಗೂ ಕಪಾಟಿನಲ್ಲಿದೆ. ಮೇಲಿನ ಚಿತ್ರ ಮಾತ್ರ ಬದಲಾಗಿದೆ, ಚೇಳು ಹೋಗಿ ಹಲ್ಲಿ ಬಂದಿದೆ. ಆ ಹಲ್ಲಿಗೂ ಅದು ಸರಿಯೋ ಇಲ್ಲವೋ ನನಗೆ ಗೊತ್ತಿಲ್ಲ. ಓದುತ್ತಿದ್ದೇನೆ.

ಮರಿಗಳು ಹದಿನೇಳು ಉಳಿದವು. ಒಂದೆರಡು ವಾರ ತಾಯಿಯ ಬೆನ್ನ ಮೇಲಿದ್ದು, ಪೊರೆ ಬಿಟ್ಟು, ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದವು. ಕೆಲವು ತಿಂಗಳಾದ ಮೇಲೆ ಒಂದೊಂದನ್ನೂ ಬೇರೆ ಬೇರೆ ಡಬ್ಬದಲ್ಲಿಡಬೇಕಾಯಿತು. ಮ್ಯಾನೇಜರನಿಗೆ ಹೇಗೋ ಸುದ್ದಿ ಮುಟ್ಟಿ, ಅಂಗಡಿಗೆ ಕೊಡುತ್ತೀರಾ ಎಂದು ಕೇಳಿದ. "ಮುಂದಿನ ಪೆಟ್ಟಿಗೆಯಲ್ಲಿ ತೋರಿಸಲಿಕ್ಕೆ ಒಂದೆರಡನ್ನು ಉಸುಕಿನ ಮೇಲಿಡೋಣ, ಉಳಿದವಕ್ಕೆ ಹಿಂದೆ ನಿಮ್ಮ ಮಣ್ಣು," ಎಂದ. ನಾನು ನಾಯಿಯ ಆಹಾರದ ಚೀಲ ಎತ್ತಿಕೊಂಡು ಹೋದೆ.

ಬೆಂಗಳೂರಿನಾಕೆ ಇಂಟರ್ನೆಟ್ಟಿನಲ್ಲಿ ಚೇಳು ಸಾಕುವವರ ಗುಂಪೊಂದಕ್ಕೆ ಬರೆದು, ಮರಿಗಳನ್ನು ಸುಮ್ಮನೆ ಕೊಡುತ್ತೇವೆ, ಆದರೆ ಮಣ್ಣು ತುಂಬಿದ ಪೆಟ್ಟಿಗೆಯನ್ನು ತಂದು ತೋರಿಸಬೇಕು ಎಂದರು. ನಾಲ್ಕು ಭಾನುವಾರ ಅವರ ಫ್ಲ್ಯಾಟಿನಲ್ಲಿ ನಾನು ಕೂತೆ. ಎಲ್ಲೆಲ್ಲಿಂದಲೋ ಜನ ಪೆಟ್ಟಿಗೆ ಹಿಡಿದುಕೊಂಡು ಬಂದರು. ನಾನು ಒಬ್ಬೊಬ್ಬರ ಪೆಟ್ಟಿಗೆಯಿಂದ ಒಂದು ಮುಷ್ಟಿ ತೆಗೆದು ಹಿಂಡಿ, ಪುಡಿ ಮಾಡಿ, ಮೂಸಿ ನೋಡಿದೆ. ಹುಡುಗಿ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು, ನಾನು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಮಣ್ಣಿನಲ್ಲಿ ಗೊಬ್ಬರದ ಹರಳು ಕಂಡ ಇಬ್ಬರನ್ನು ಹಿಂದಕ್ಕೆ ಕಳಿಸಿದೆ.

ಅವರಲ್ಲಿ ಒಬ್ಬ ದೊಡ್ಡ ಆಳು, ಮೈತುಂಬ ಹಚ್ಚೆಯವನು, ಕ್ವೀನ್ಸ್‌ಬರಿಯಿಂದ ಎರಡು ಟ್ರೈನು ಬದಲಿಸಿ ಬಂದಿದ್ದ. ಅವನಿಗೆ ಕೋಪ ಬಂತು. ಇಷ್ಟು ದೂರ ಬಂದಿದ್ದೇನೆ, ಒಂದು ಮರಿ ಚೇಳಿಗೆ ಇಷ್ಟೆಲ್ಲ ಪರೀಕ್ಷೆಯೇ, ಇದನ್ನು ಹೇಳಲು ನೀವು ಯಾರು ಎಂದ.

ನಾನು ಕೈಯಲ್ಲಿದ್ದ ಮಣ್ಣನ್ನು ಅವನ ಪೆಟ್ಟಿಗೆಗೇ ಉದುರಿಸಿ, ಕೈ ಕೊಡವಿಕೊಂಡೆ.

"ನಾನು ಮಣ್ಣು ಪರೀಕ್ಷೆ ಮಾಡುವವಳು," ಎಂದೆ. ಲಂಡನ್ನಿಗೆ ಬಂದ ಮೇಲೆ ಯಾರಿಗೂ ಹಾಗೆ ಹೇಳಿರಲಿಲ್ಲ. "ಇದರಲ್ಲಿ ಗೊಬ್ಬರ ಇದೆ. ಮುಂದಿನ ಭಾನುವಾರ ಬನ್ನಿ."